ಆ್ಯಪ್ ಇದ್ದರೂ ಜಪಾನಿ ಕಲಿಯಿರಿ

ಅನುವಾದದ ಆ್ಯಪ್ ಇರುವಾಗ 35ನೇ ವಯಸ್ಸಿನಲ್ಲಿ ಜಪಾನಿ ಕಲಿಯುವುದು ದಂಡವೇ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಬೋರ್ಡ್ ಓದಲು ಆ್ಯಪ್ ಸಾಕು, ನಿಜ. ಆದರೆ ಜಪಾನಿಯಲ್ಲಿ ಮಾತನ್ನು ಅರ್ಧಕ್ಕೇ ಬಿಡುವುದು ಜಾಸ್ತಿ. 'ಚೊತ್ತೊ' ಅಂದರೆ 'ಸ್ವಲ್ಪ'. ನೀವೇನೋ ಕೇಳಿದಾಗ ಎದುರಿನವರು 'ಚೊತ್ತೊ...' ಅಂತ ರಾಗ ಎಳೆದು ಸುಮ್ಮನಾದರೆ, ಅದು 'ಆಗಲ್ಲ' ಅಂತ. ಆ್ಯಪ್ 'ಸ್ವಲ್ಪ' ಅಂತ ತೋರಿಸಿದರೆ ನೀವು ಸುಮ್ನೆ ಕಾಯುತ್ತಾ ಕೂರುತ್ತೀರಿ. ಆ ಮೌನ ಅರ್ಥವಾಗಲು ಭಾಷೆ ಗೊತ್ತಿರಬೇಕು, ಅಲ್ವಾ?

ಇನ್ನೊಂದು ಮಾತು. ಅದರ ವಾಕ್ಯ ನಮಗೆ ಕಷ್ಟವಲ್ಲ. ಕ್ರಿಯಾಪದ ಕೊನೆಗೇ ಬರುತ್ತದೆ, ಕನ್ನಡದ ಹಾಗೆ. 'ಟೋಕಿಯೋ ನಿ ಇಕು', ಅಂದರೆ 'ಟೋಕಿಯೋಗೆ ಹೋಗುತ್ತೇನೆ'. ನಮ್ಮ 'ಗೆ' ಇದ್ದಲ್ಲಿ 'ನಿ', ಅಷ್ಟೇ. ಚೀನಾದಿಂದ ಬಂದ ಅಕ್ಷರಗಳಾದ ಕಾಂಜಿ ಮಾತ್ರ ತುಂಬಾ ಸಮಯ ಬೇಡುತ್ತದೆ. ಮೊದಲು ಉಚ್ಚಾರಣೆಯಂತೆ ಬರೆಯುವ ಸರಳ ಲಿಪಿ ಹಿರಗಾನದ 46 ಮೂಲ ಅಕ್ಷರ ಕೈಗೆ ಕೂರಲಿ.