ತಂದೆಯವರ ಆಸ್ತಿ ಎಲ್ಲೆಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರು ನಾಲ್ಕು ತಿಂಗಳ ಹಿಂದೆ ತೀರಿಕೊಂಡರು. ಖಾಸಗಿ ಕಂಪನಿಯಿಂದ ನಿವೃತ್ತರಾಗಿದ್ದ ಅವರು ಹಣಕಾಸಿನ ವ್ಯವಹಾರವನ್ನೆಲ್ಲ ತಾವೊಬ್ಬರೇ ನೋಡಿಕೊಳ್ಳುತ್ತಿದ್ದರು. ಉಯಿಲು ಬರೆದಂತಿಲ್ಲ. ಬೀರುವಿನಲ್ಲಿ ಎರಡು ಬ್ಯಾಂಕುಗಳ ಪಾಸ್‌ಬುಕ್, ಹಳೆಯ ವಿಮಾ ರಸೀದಿ, ಒಂದು ಕಂಪನಿಯ ಷೇರು ಪತ್ರ ಸಿಕ್ಕಿವೆ. ಬೇರೆ ಕಡೆಯೂ ಠೇವಣಿ ಇರಬೇಕೆಂದು ಅಮ್ಮ ಹೇಳುತ್ತಾರೆ. ಸಿಕ್ಕಿದ್ದನ್ನು ಹಂಚಿಕೊಂಡು ಮುಗಿಸೋಣ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಎಂದು ಅಣ್ಣ ಒತ್ತಾಯಿಸುತ್ತಿದ್ದಾರೆ. ಉಳಿದದ್ದನ್ನು ಹುಡುಕಿಕೊಡುತ್ತೇನೆಂದು ಏಜೆಂಟರೊಬ್ಬರು ಸಿಗುವ ಹಣದಲ್ಲಿ ಪಾಲು ಕೇಳುತ್ತಿದ್ದಾರೆ. ನಾನೇನು ಮಾಡಬೇಕು?
– ಹೆಸರು ಬೇಡ

ಉತ್ತರ: ತಂದೆಯವರನ್ನು ಕಳೆದುಕೊಂಡ ದುಃಖ ಆರುವ ಮೊದಲೇ ಕಾಗದಪತ್ರಗಳ ಹೊರೆಯೂ ನಿಮ್ಮ ಮೇಲೆ ಬಿದ್ದಿದೆ. ಮೊದಲು ಹೇಳಬೇಕಾದ ಮಾತೆಂದರೆ, ಆಸ್ತಿಯ ಪಟ್ಟಿ ಪೂರ್ಣವಾಗುವ ತನಕ ನೀವಾಗಲಿ ನಿಮ್ಮ ತಾಯಿಯವರಾಗಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ. ಇಂಥ ಪತ್ರಗಳಲ್ಲಿ ‘ಸಮಸ್ತ ಚರ ಮತ್ತು ಸ್ಥಿರ ಸ್ವತ್ತು’ ಎಂಬ ಒಕ್ಕಣೆ ಸೇರಿರುವುದುಂಟು; ಹಾಗಿದ್ದರೆ ಮುಂದೆ ಪತ್ತೆಯಾಗುವ ಠೇವಣಿಯ ಮೇಲಿನ ಹಕ್ಕೂ ಕೈತಪ್ಪಬಹುದು, ನೋಂದಣಿಯಾದ ಪತ್ರವನ್ನು ರದ್ದುಪಡಿಸಲು ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ. ನಿಮ್ಮ ಅಣ್ಣನ ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಇಲ್ಲದಿರಬಹುದು. ಆದರೂ ಏನಿದೆ ಎಂಬುದೇ ತಿಳಿಯದೆ ಪಾಲು ಮಾಡುವುದು ಯಾರಿಗೂ ನ್ಯಾಯವಲ್ಲ.

ತಂದೆಯವರ ಎಟಿಎಂ ಕಾರ್ಡ್ ಅಥವಾ ಮೊಬೈಲ್ ಆ್ಯಪ್ ಬಳಸಿ ಯಾರೂ ಹಣ ತೆಗೆಯಬಾರದು. ಅದು ಎಲ್ಲ ವಾರಸುದಾರರಿಗೆ ಸೇರಿದ ಹಣ, ನಾಳೆ ಅದರ ಲೆಕ್ಕ ಕೊಡಬೇಕಾಗುತ್ತದೆ. ಆದರೆ ಅವರ ಮೊಬೈಲ್ ಸಂಖ್ಯೆಯನ್ನು ಕೂಡಲೇ ನಿಲ್ಲಿಸಬೇಡಿ, ಏಕೆಂದರೆ ಠೇವಣಿ ಮುಗಿಯುವ ಸೂಚನೆ, ವಿಮಾ ಕಂತಿನ ನೆನಪೋಲೆ, ಲಾಭಾಂಶ ಜಮೆಯಾದ ಸಂದೇಶ ಎಲ್ಲವೂ ಆ ಸಂಖ್ಯೆಗೇ ಬರುತ್ತವೆ. ಪ್ಯಾನ್ ಕಾರ್ಡನ್ನೂ ಈಗಲೇ ಹಿಂದಿರುಗಿಸಬೇಡಿ, ಮುಂದಿನ ಹುಡುಕಾಟಕ್ಕೆ ಅದು ಬೇಕಾಗುತ್ತದೆ.

ನಿಮ್ಮ ಕೈಯಲ್ಲಿರುವ ಪಾಸ್‌ಬುಕ್ಕುಗಳೇ ಹುಡುಕಾಟದ ಮೂಲ. ಮರಣ ಪ್ರಮಾಣಪತ್ರದೊಂದಿಗೆ ಎರಡೂ ಬ್ಯಾಂಕುಗಳಿಗೆ ಲಿಖಿತ ಅರ್ಜಿ ಕೊಟ್ಟು, ಸಾಧ್ಯವಾದಷ್ಟು ಹಿಂದಿನ ವರ್ಷಗಳ ವಹಿವಾಟಿನ ವಿವರವನ್ನು ಪಡೆದು ಒಂದೊಂದು ಸಾಲನ್ನೂ ಓದಿ. ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಕಡಿತವಾಗಿರುವ ಮೊತ್ತ ವಿಮಾ ಕಂತೋ ಲಾಕರ್ ಬಾಡಿಗೆಯೋ ಆಗಿರಬಹುದು. ಪ್ರತಿ ತಿಂಗಳು ನಿಗದಿತ ದಿನ ಹೋಗಿರುವ ಹಣ ಮ್ಯೂಚುವಲ್ ಫಂಡಿನ ಎಸ್‌ಐಪಿಗೋ ಆವರ್ತಕ ಠೇವಣಿಗೋ ಸಂದಿರಬಹುದು. ಕಂಪನಿಯ ಹೆಸರಿನೊಂದಿಗೆ ಜಮೆಯಾದ ಸಣ್ಣ ಮೊತ್ತ ಸಾಮಾನ್ಯವಾಗಿ ಲಾಭಾಂಶ. ಮೂರು ತಿಂಗಳಿಗೊಮ್ಮೆ ಮತ್ತೊಂದು ಬ್ಯಾಂಕಿನಿಂದ ಬಂದ ಹಣ ಅಲ್ಲಿರುವ ಠೇವಣಿಯ ಬಡ್ಡಿ ಆಗಿರಬಹುದು. ಮನೆಯವರಿಗೆ ತಂದೆಯವರು ಹೇಳದೆ ಉಳಿಸಿದ ಎಷ್ಟೋ ಸಂಗತಿ ಈ ಸಾಲುಗಳಲ್ಲಿ ಸಿಗುತ್ತದೆ.

ಇದಕ್ಕಿಂತಲೂ ವಿಸ್ತಾರವಾದ ದಾಖಲೆ ಆದಾಯ ತೆರಿಗೆ ಇಲಾಖೆಯಲ್ಲಿದೆ, ಆದರೆ ಬಹಳ ಕುಟುಂಬಗಳು ಅದನ್ನು ನೋಡುವುದೇ ಇಲ್ಲ. ತೀರಿಕೊಂಡವರಿಗೆ ಮರಣದ ದಿನದವರೆಗೆ ತೆರಿಗೆಗೆ ಒಳಪಡುವ ಆದಾಯವಿದ್ದರೆ ಅವರ ಪರವಾಗಿ ವಾರಸುದಾರರು ರಿಟರ್ನ್ ಸಲ್ಲಿಸಬೇಕು. ಅದಕ್ಕಾಗಿ ನಿಮ್ಮಲ್ಲಿ ಒಬ್ಬರು ಇಲಾಖೆಯ ಇ-ಫೈಲಿಂಗ್ ತಾಣದಲ್ಲಿ ನಿಮ್ಮದೇ ಖಾತೆಯಿಂದ, ತಂದೆಯವರ ಪ್ಯಾನ್, ಮರಣ ಪ್ರಮಾಣಪತ್ರ ಹಾಗೂ ವಾರಸುದಾರಿಕೆಯ ಪುರಾವೆಯನ್ನು ಒದಗಿಸಿ, ಕಾನೂನುಬದ್ಧ ಪ್ರತಿನಿಧಿ ಎಂದು ನೋಂದಾಯಿಸಿಕೊಳ್ಳಬಹುದು. ಅನುಮೋದನೆ ದೊರೆತ ಮೇಲೆ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯನ್ನು ನೋಡಿ. ಬ್ಯಾಂಕುಗಳು ಕೊಟ್ಟ ಬಡ್ಡಿ, ಕಂಪನಿಗಳು ಕೊಟ್ಟ ಲಾಭಾಂಶ, ಷೇರು ಮತ್ತು ಮ್ಯೂಚುವಲ್ ಫಂಡುಗಳ ವಹಿವಾಟು, ಆಸ್ತಿ ಖರೀದಿ ಇವೆಲ್ಲ ಪಾವತಿಸಿದವರ ಹೆಸರಿನೊಂದಿಗೆ ಅದರಲ್ಲಿ ಬರುತ್ತವೆ. ಬಂಗಾರ, ಕೈಸಾಲ, ಅವಧಿ ಮುಗಿಯದ ವಿಮಾ ಪಾಲಿಸಿ ಇಂಥವು ಮಾತ್ರ ಈ ಪಟ್ಟಿಯಿಂದ ತಿಳಿಯುವುದಿಲ್ಲ.

ಬಹಳ ವರ್ಷಗಳಿಂದ ಮುಟ್ಟದೆ ಬಿಟ್ಟ ಖಾತೆಗಳನ್ನು ಬೇರೆಯಾಗಿಯೇ ಹುಡುಕಬೇಕು. ಹತ್ತು ವರ್ಷ ವಹಿವಾಟು ನಡೆಯದ ಅಥವಾ ಯಾರೂ ಕೇಳದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗಾಯಿಸುತ್ತವೆ. ಇದರಿಂದ ಹಣ ಮುಳುಗುವುದಿಲ್ಲ. ವಾರಸುದಾರರು ಯಾವಾಗ ಬೇಕಾದರೂ ಅದೇ ಬ್ಯಾಂಕಿಗೆ ಅರ್ಜಿ ಕೊಟ್ಟು ಪಡೆಯಬಹುದು. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಉದ್ಗಮ್’ ತಾಣದಲ್ಲಿ ಖಾತೆದಾರರ ಹೆಸರಿನ ಜೊತೆಗೆ ಪ್ಯಾನ್, ಮತದಾರರ ಚೀಟಿ ಅಥವಾ ಜನ್ಮದಿನಾಂಕದಂಥ ಒಂದು ವಿವರ ಕೊಟ್ಟು ಇಂಥ ಠೇವಣಿಗಳನ್ನು ಹುಡುಕಬಹುದು. 2024ರ ಮಾರ್ಚ್ ವೇಳೆಗೆ 30 ಬ್ಯಾಂಕುಗಳು ಅದರಲ್ಲಿ ಸೇರಿದ್ದವು. ತಂದೆಯವರ ಇನಿಷಿಯಲ್ ಹೆಸರಿನ ಮುಂದೊಮ್ಮೆ ಹಿಂದೊಮ್ಮೆ ಇಟ್ಟು, ಕಾಗುಣಿತ ಬದಲಿಸಿ, ಪೂರ್ಣ ಹೆಸರು ಬಿಡಿಸಿ ಬರೆದು ಹುಡುಕಿ. ಹಳೆಯ ಖಾತೆಗಳಲ್ಲಿ ಹೆಸರು ಒಂದೇ ರೀತಿ ಇರುವುದು ಅಪರೂಪ. ಪತ್ತಿನ ಸಹಕಾರ ಸಂಘಗಳು ಮತ್ತು ಅಂಚೆ ಕಚೇರಿಯ ಉಳಿತಾಯ ಅಲ್ಲಿ ಸಿಗುವುದಿಲ್ಲ. ಅವುಗಳನ್ನು ನೇರವಾಗಿಯೇ ವಿಚಾರಿಸಬೇಕು.

ಷೇರು ಪತ್ರ ಹಳೆಯದೆಂದು ಅಸಡ್ಡೆ ಮಾಡಬೇಡಿ. ಕಂಪನಿಯ ಹೆಸರು ಬದಲಾಗಿರಬಹುದು, ಅದು ಬೇರೊಂದರಲ್ಲಿ ವಿಲೀನವಾಗಿರಬಹುದು, ಬೋನಸ್ ಮತ್ತು ವಿಭಜನೆಯಿಂದ ಷೇರುಗಳ ಸಂಖ್ಯೆ ಹಲವು ಪಟ್ಟು ಬೆಳೆದಿರಬಹುದು. ಪತ್ರದ ಮೇಲಿನ ಫೋಲಿಯೊ ಸಂಖ್ಯೆ ಹೇಳಿ ಕಂಪನಿಯ ಷೇರುದಾರರ ದಾಖಲೆ ಇಡುವ ಷೇರು ರಿಜಿಸ್ಟ್ರಾರ್‌ಗೆ ಬರೆಯಿರಿ. ಸತತ ಏಳು ವರ್ಷ ಲಾಭಾಂಶ ಪಡೆಯದಿದ್ದರೆ 2013ರ ಕಂಪನಿ ಕಾಯ್ದೆಯ ಪ್ರಕಾರ ಲಾಭಾಂಶದ ಜೊತೆಗೆ ಷೇರುಗಳೂ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಅವನ್ನು ಆ ನಿಧಿಯ ಐಇಪಿಎಫ್-5 ಎಂಬ ಅರ್ಜಿಯ ಮೂಲಕ ಹಿಂಪಡೆಯಬಹುದು. ಮರೆತುಹೋದ ಮ್ಯೂಚುವಲ್ ಫಂಡುಗಳಿಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ ‘ಮಿತ್ರ’ ಎಂಬ ಹುಡುಕಾಟ ವ್ಯವಸ್ಥೆ 2025ರಿಂದ ಇದೆ.

ವಿಮಾ ರಸೀದಿಯ ಮೇಲಿನ ಪಾಲಿಸಿ ಸಂಖ್ಯೆಯನ್ನು ಹಿಡಿದು ಆ ಸಂಸ್ಥೆಯ ಶಾಖೆಗೆ ಹೋಗಿ. ಕಂತು ನಿಂತುಹೋದ ಪಾಲಿಸಿಯಲ್ಲೂ ಒಂದಷ್ಟು ಮೌಲ್ಯ ಉಳಿದಿರಬಹುದು. ತಂದೆಯವರು ಭವಿಷ್ಯ ನಿಧಿಯ ಪಿಂಚಣಿ ಪಡೆಯುತ್ತಿದ್ದರೆ ನಿಮ್ಮ ತಾಯಿಯವರಿಗೆ ವಿಧವಾ ಪಿಂಚಣಿ ಸಲ್ಲಬೇಕು. ನಾಲ್ಕು ತಿಂಗಳು ಕಳೆದಿರುವುದರಿಂದ ಉಳಿದೆಲ್ಲಕ್ಕಿಂತ ಮೊದಲು ಆ ಅರ್ಜಿಯನ್ನು ಭವಿಷ್ಯ ನಿಧಿ ಕಚೇರಿಗೆ ಕೊಡಿಸಿ. ಜಮೀನು ಅಥವಾ ನಿವೇಶನವಿದ್ದರೆ ಪಹಣಿ ಮತ್ತು ಋಣಭಾರ ಪ್ರಮಾಣಪತ್ರ ತೆಗೆಸಿ, ವಂಶವೃಕ್ಷದೊಂದಿಗೆ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ, ಅರ್ಜಿ ಸಲ್ಲಿಸಬೇಕು.

ತಂದೆಯವರು ಯಾರಿಗಾದರೂ ಕೈಸಾಲ ಕೊಟ್ಟಿದ್ದರೆ ತಡಮಾಡಬೇಡಿ. ಸಾಲ ಕೊಟ್ಟ ದಿನದಿಂದ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಅವರೇ ಮಾಡಿದ ಸಾಲವಿದ್ದರೆ, ನೀವು ಜಾಮೀನುದಾರರೋ ಸಹ ಸಾಲಗಾರರೋ ಆಗಿರದಿದ್ದಲ್ಲಿ, ಅವರಿಂದ ನಿಮಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ ನೀವು ಹೊಣೆ.

ನಾಮಿನಿ ಇಲ್ಲದ ಕಡೆ ದೊಡ್ಡ ಮೊತ್ತಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ನ್ಯಾಯಾಲಯ ಕೊಡುವ ಉತ್ತರಾಧಿಕಾರ ಪ್ರಮಾಣಪತ್ರ ಕೇಳುತ್ತಾರೆ. ಅರ್ಜಿಯಲ್ಲಿ ಪ್ರತಿಯೊಂದು ಠೇವಣಿ ಮತ್ತು ಷೇರಿನ ವಿವರ ನಮೂದಿಸಬೇಕಾಗುವುದರಿಂದ ಪಟ್ಟಿ ಪೂರ್ಣಗೊಂಡ ಮೇಲೆ ಒಂದೇ ಸಲ ಸಲ್ಲಿಸುವುದು ಮೇಲು. ಆಮೇಲೆ ಸಿಕ್ಕಿದ್ದನ್ನು ಸೇರಿಸಲು ಕಾನೂನಿನಲ್ಲಿ ಅವಕಾಶವಿದ್ದರೂ ಮತ್ತೆ ನ್ಯಾಯಾಲಯಕ್ಕೆ ಅಲೆಯಬೇಕು. ಏಜೆಂಟರಿಗೆ ಪಾಲು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಮೇಲೆ ಹೇಳಿದ ಸರ್ಕಾರಿ ತಾಣಗಳಲ್ಲಿ ಹುಡುಕಲು ಶುಲ್ಕವಿಲ್ಲ, ಮೂಲ ದಾಖಲೆಗಳನ್ನು ಅಪರಿಚಿತರ ಕೈಗೆ ಕೊಡುವುದು ಅಪಾಯ.

ಪ್ರಶ್ನೆ: ತಂದೆಯವರ ಠೇವಣಿಗೆ ನನ್ನ ತಮ್ಮ ನಾಮಿನಿ. ಹಣವೆಲ್ಲ ತನ್ನದೇ ಎನ್ನುತ್ತಾನೆ. ಮದುವೆಯಾದ ಮಗಳಾದ ನನಗೆ ಹಕ್ಕಿಲ್ಲವೇ?
– ಓದುಗರೊಬ್ಬರು

ಉತ್ತರ: ಖಂಡಿತವಾಗಿ ಇದೆ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣವನ್ನು ಸ್ವೀಕರಿಸಲು ಅಧಿಕಾರವುಳ್ಳವರು, ಮಾಲೀಕರಲ್ಲ. ಕಂಪನಿ ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಸ್ಪಷ್ಟಪಡಿಸಿದೆ. ಜೀವವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ನಂತರ, ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳು ನಾಮಿನಿಯಾಗಿದ್ದರೆ ಸಾಮಾನ್ಯವಾಗಿ ಹಣ ಅವರಿಗೇ ಸೇರುತ್ತದೆ. ನಿಮ್ಮ ಕುಟುಂಬಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುವುದಾದರೆ, ಉಯಿಲಿಲ್ಲದೆ ತೀರಿಕೊಂಡ ತಂದೆಯವರ ಸ್ವಯಾರ್ಜಿತದಲ್ಲಿ ಅವರ ಪತ್ನಿ, ಮಕ್ಕಳು ಮತ್ತು ಬದುಕಿದ್ದರೆ ಅವರ ತಾಯಿ ಸಮಾನ ಪಾಲುದಾರರು. ಮಗಳ ಮದುವೆಯಿಂದ ಪಾಲು ಕಡಿಮೆಯಾಗುವುದಿಲ್ಲ. ಅಜ್ಜಿಯ ಪಾಲನ್ನು ಮರೆಯುವ ಕುಟುಂಬಗಳು ಬಹಳ. ನ್ಯಾಯಾಲಯದ ತಡೆಯಾಜ್ಞೆ ಇಲ್ಲದಿದ್ದರೆ ಬ್ಯಾಂಕ್ ನಾಮಿನಿಗೇ ಹಣ ಕೊಡುತ್ತದೆ, ನಿಮ್ಮ ಆಕ್ಷೇಪಣೆಯ ಪತ್ರವೊಂದೇ ಸಾಲದು. ತಮ್ಮನೊಂದಿಗೆ ಮಾತುಕತೆ ಫಲಿಸದಿದ್ದರೆ ವಕೀಲರ ಮೂಲಕ ನೋಟಿಸ್ ಕೊಡಿಸಿ, ಪಾಲಿನ ದಾವೆಯೊಂದಿಗೇ ತಡೆಯಾಜ್ಞೆಯನ್ನೂ ಕೋರಿ.