ಹೊಸ ಕಾರಿನ ಬ್ರೇಕ್ ಮೆತ್ತಗಿದೆ, ಇದು ಸರಿನಾ?

ಕಾರು ತಗೊಂಡು ಹದಿನೈದು ದಿನ, ಬ್ರೇಕ್ ಸರಿಯಾಗಿ ಹಿಡೀತಿಲ್ಲ ಅಂತ ಕೇಳಿದ್ದೀರಿ. ಬೆಳಗಾವಿಯಲ್ಲಿ ನನ್ನ ಕಾರಿಗೂ ಹೀಗೇ ಆಗಿತ್ತು. ಚಕ್ರದ ಜೊತೆ ತಿರುಗುವ ಡಿಸ್ಕ್, ಅದನ್ನು ಒತ್ತಿ ಹಿಡಿಯುವ ಪ್ಯಾಡ್, ಹೊಸದಾಗಿರುವಾಗ ಇವೆರಡೂ ಒಂದಕ್ಕೊಂದು ಹೊಂದಿಕೊಳ್ಳಲು ಕೆಲವು ನೂರು ಕಿ.ಮೀ. ಓಡಬೇಕು. ಅಲ್ಲಿವರೆಗೆ ಗೋವಾ ದಾರಿಯ ಚೋರ್ಲಾ ಘಾಟ್ ಇಳಿಯುವ ಉಮೇದು ಬೇಡ. ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹದವಾಗಿ ಬ್ರೇಕ್ ಒತ್ತಿ ಇಳಿಸಿ, ಸ್ವಲ್ಪ ಓಡಿಸಿ ಆರಲು ಬಿಡಿ. ಹೀಗೆ ಎಂಟು-ಹತ್ತು ಸಲ.

ಆದರೆ ಒಂದು ಪರೀಕ್ಷೆ ಮಾಡಿ. ಇಂಜಿನ್ ಚಾಲೂ ಇಟ್ಟು ಪೆಡಲ್ ಒತ್ತಿ ಹಿಡಿಯಿರಿ. ಸ್ಪಂಜಿನ ಹಾಗಿದ್ದರೆ ಬ್ರೇಕ್ ಆಯಿಲ್ ಹರಿಯುವ ಪೈಪಿನಲ್ಲಿ ಗಾಳಿ ಸೇರಿರಬಹುದು. ನಿಧಾನಕ್ಕೆ ಕೆಳಗಿಳಿಯುತ್ತಲೇ ಹೋದರೆ ಆ ಆಯಿಲ್ ಸೋರುತ್ತಿರಬಹುದು, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಕೆಟ್ಟಿರಬಹುದು. ಆಗ ಓಡಿಸಬೇಡಿ, ಶೋರೂಮಿನವರನ್ನೇ ಮನೆಗೆ ಕರೆಸಿ. "ಹೊಸಾ ಗಾಡಿ ಹಂಗಽ ಇರ್ತದ್ರೀ" ಅಂದರೆ ಸುಮ್ನೆ ಒಪ್ಪಬೇಡಿ.

ಅಂದಹಾಗೆ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು 40ಕ್ಕಿಂತ 80ರ ವೇಗದಲ್ಲಿ ಸುಮಾರು ನಾಲ್ಕು ಪಟ್ಟು ದೂರ ಬೇಕು, ಎರಡು ಪಟ್ಟಲ್ಲ.