ಬಣ್ಣ ಹಚ್ಚಿದ ಮೆದುಳಿನ ಚಿತ್ರದ ಬಗ್ಗೆ

ಪ್ರಿಯ ಲೇಖಕರೇ,

‘ಹೆಣ್ಣಿನ ಮೆದುಳು, ಗಂಡಿನ ಮೆದುಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಬರವಣಿಗೆ ಸರಾಗವಾಗಿದೆ. ಆದರೆ ಈ ರೂಪದಲ್ಲಿ ಪ್ರಕಟಿಸಲಾಗದು. ಮಾತಾಡುವಾಗ ಹೆಂಗಸರು ಮೆದುಳಿನ ಎರಡೂ ಬದಿ ಬಳಸುತ್ತಾರೆ, ಗಂಡಸರು ಎಡಬದಿ ಮಾತ್ರ ಎಂಬ ಮಾತಿನ ಮೇಲೆ ಇಡೀ ಲೇಖನ ನಿಂತಿದೆ. ಆ ಬುನಾದಿಯೇ ಸಡಿಲ.

ಅದರ ಮೂಲ 1995ರ ಒಂದು ಅಧ್ಯಯನ. 19 ಗಂಡಸರು, 19 ಹೆಂಗಸರು. ಅವರಿಗೆ ಕೊಟ್ಟ ಕೆಲಸ ಮಾತಾಡುವುದಲ್ಲ, ಅರ್ಥವಿಲ್ಲದ ಪದಗಳಲ್ಲಿ ಪ್ರಾಸ ಕೂಡುತ್ತದೆಯೇ ಎಂದು ಗುರುತಿಸುವುದು. ಎರಡೂ ಬದಿ ಸಕ್ರಿಯವಾದದ್ದು 11 ಹೆಂಗಸರಲ್ಲಿ. ಉಳಿದ ಎಂಟು ಮಂದಿ ನಿಮ್ಮ ಲೇಖನದಲ್ಲಿ ಕಾಣೆಯಾಗಿದ್ದಾರೆ. 2004ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದಾಗ ಈ ವ್ಯತ್ಯಾಸ ಉಳಿಯಲಿಲ್ಲ. ಅದನ್ನು ಬಿಟ್ಟು ಮೊದಲಿನದನ್ನಷ್ಟೇ ಹೇಳಿದರೆ ಓದುಗರಿಗೆ ಅನ್ಯಾಯ.

‘ಮೆದುಳು ಬೆಳಗಿತು’ ಎಂದು ಪದೇ ಪದೇ ಬರೆದಿದ್ದೀರಿ. ಅಲ್ಲಿ ಏನೂ ಬೆಳಗುವುದಿಲ್ಲ. ಎಫ್‌ಎಂಆರ್‌ಐ ಎಂಬ ಮೆದುಳಿನ ಸ್ಕ್ಯಾನ್ ಅಳೆಯುವುದು ನರಕೋಶಗಳ ಕೆಲಸವನ್ನಲ್ಲ, ಆ ಕೆಲಸದ ಬೆನ್ನಿಗೆ ರಕ್ತದ ಆಮ್ಲಜನಕದಲ್ಲಿ ಆಗುವ ಬದಲಾವಣೆಯನ್ನು. ಸ್ಕ್ಯಾನರ್ ಹಿಡಿಯುವ ಈ ಸಂಕೇತದ ಏರಿಳಿತ ನೂರಕ್ಕೆ ಒಂದೆರಡು ಪಾಲು. ಅದು ತುದಿ ಮುಟ್ಟುವುದು ಐದಾರು ಸೆಕೆಂಡು ತಡವಾಗಿ. ಬಣ್ಣ ಹಚ್ಚುವುದು ಲೆಕ್ಕಾಚಾರ ಮುಗಿದ ಮೇಲೆ: ಸಂಶೋಧಕರು ಇಟ್ಟ ಮಿತಿಯನ್ನು ದಾಟಿದ ಜಾಗಕ್ಕೆ ಕೆಂಪು, ದಾಟದ ಜಾಗಕ್ಕೆ ಏನೂ ಇಲ್ಲ. ಒಂದು ಗುಂಪು ಆ ಗೆರೆಯನ್ನು ಕೂದಲೆಳೆಯಲ್ಲಿ ದಾಟಿ, ಇನ್ನೊಂದು ಕೂದಲೆಳೆಯಲ್ಲಿ ತಪ್ಪಿದರೂ ಚಿತ್ರದಲ್ಲಿ ಅಜಗಜಾಂತರ ಕಾಣುತ್ತದೆ. ಹಾಗಾಗಿ ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಸಾಲದು. ಎರಡು ಗುಂಪುಗಳನ್ನು ನೇರವಾಗಿ ಹೋಲಿಸಿದ ಲೆಕ್ಕ ಮೂಲ ಪ್ರಬಂಧದಲ್ಲಿ ಇದೆಯೇ ಎಂದು ಹುಡುಕಿ. ಇಲ್ಲವಾದರೆ ಆ ಚಿತ್ರ ಬೇಡ.

ಇನ್ನೊಂದು ತೊಡಕು ರಕ್ತದ್ದೇ. ಗಂಡಸರ ರಕ್ತದಲ್ಲಿ ಕೆಂಪು ಕಣಗಳ ಪಾಲು ಸರಾಸರಿಯಲ್ಲಿ ಹೆಚ್ಚು, ಅದೊಂದೇ ಸಂಕೇತದ ಪ್ರಮಾಣವನ್ನು ಬದಲಿಸಬಲ್ಲದು. ಗಂಡಸರ ಮೆದುಳಿನ ಗಾತ್ರವೂ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚು. ಸ್ಕ್ಯಾನರ್‌ನಲ್ಲಿ ತಲೆ ಅಲುಗಾಡಿದರೂ ಫಲಿತಾಂಶ ಕೆಡುತ್ತದೆ. ಇವುಗಳನ್ನು ಸರಿದೂಗಿಸಿದ್ದಾರೆಯೇ ಎಂಬುದು ವಿಧಾನದ ಭಾಗದಲ್ಲಿರುತ್ತದೆ, ಸಾರಾಂಶದಲ್ಲಿ ಸಿಗದು.

ನೀವು ಉಲ್ಲೇಖಿಸಿದ 949 ಮಂದಿಯ ಅಧ್ಯಯನವನ್ನು ಮೆದುಳಿನ ಕಾರ್ಯದ ಅಧ್ಯಯನಗಳ ನಡುವೆ ಇಟ್ಟಿದ್ದೀರಿ, ಅದು ತಪ್ಪು ಜಾಗ. ಅದು 8ರಿಂದ 22 ವರ್ಷದವರ ನರತಂತುಗಳ ಜೋಡಣೆಯನ್ನು ನೀರಿನ ಅಣುಗಳ ಚಲನೆಯಿಂದ ಅಂದಾಜಿಸಿದ್ದು. ರಚನೆಯೇ ಹೊರತು ಕಾರ್ಯವಲ್ಲ. ಅಂಥ ಜೋಡಣೆಯ ಚಿತ್ರ ನೋಡಿ ‘ಹೆಂಗಸರಿಗೆ ದಾರಿ ತಿಳಿಯದು’ ಎಂದು ತೀರ್ಮಾನಿಸುವುದು ದೊಡ್ಡ ಜಿಗಿತ.

ಹಾಗೆಂದು ‘ಭೇದವೇ ಇಲ್ಲ’ ಎಂದು ತಿರುಗಿಸಿ ಬರೆಯಬೇಡಿ, ಅದೂ ಸುಳ್ಳೇ. ಸರಾಸರಿಯಲ್ಲಿ ವ್ಯತ್ಯಾಸಗಳಿವೆ, ಎಷ್ಟು ಎಂಬುದನ್ನು ಹೇಳಿ. ಪರಿಣಾಮದ ಗಾತ್ರ (ಸರಾಸರಿಗಳ ಅಂತರವನ್ನು ಗುಂಪಿನೊಳಗಿನ ಏರುಪೇರಿಗೆ ಹೋಲಿಸಿದ ಅಳತೆ) 0.2 ಎಂದಿದ್ದರೆ ಎರಡು ಗುಂಪುಗಳ ಹಂಚಿಕೆ ತೋರಿಸುವ ವಕ್ರರೇಖೆಗಳು ನೂರಕ್ಕೆ 92ರಷ್ಟು ಒಂದರ ಮೇಲೊಂದು ಬೀಳುತ್ತವೆ. ಈ ಒಂದು ವಾಕ್ಯ ನಿಮ್ಮ ಮೂರು ಪ್ಯಾರಾಗಳಿಗಿಂತ ಹೆಚ್ಚು ತಿಳಿಸುತ್ತದೆ.

ಒಂದೇ ಅಧ್ಯಯನ ಆರಿಸಿಕೊಂಡು, ಅದರ ವಿಧಾನದ ಭಾಗವನ್ನು ಪೂರ್ತಿ ಓದಿ, ಮತ್ತೆ ಬರೆಯಿರಿ. ಎಷ್ಟು ಮಂದಿ, ಯಾವ ವಯಸ್ಸು, ಯಾವ ಕೆಲಸ ಎಂಬುದು ಮೊದಲ ಪ್ಯಾರಾದಲ್ಲೇ ಬರಲಿ. ಖಂಡಿತ ಓದುತ್ತೇವೆ.

ಸಂಪಾದಕರು